ಹಾಜರಿ ಪುಸ್ತಕವನ್ನು ಅಡ್ಡಕ್ಕೆ ಓದೋಣ

ಎಲ್ಲರಿಗೂ ನಮಸ್ಕಾರ. ಶಿಕ್ಷಕ ಬಳಗದವರು, ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿ ಸದಸ್ಯರು ಮುಂದೆ ಕೂತಿದ್ದೀರಿ, ಸಂತೋಷ. ಹಿಂದೆ ಗೋಡೆಗೆ ಒರಗಿ ನಿಂತಿರುವ ಅಂಗನವಾಡಿ ಕಾರ್ಯಕರ್ತೆಯರು ದಯವಿಟ್ಟು ಮುಂದೆ ಬನ್ನಿ. ಇವತ್ತಿನ ಮಾತಿನಲ್ಲಿ ನಿಮ್ಮ ಪಾಲು ಜಾಸ್ತಿ ಇದೆ.

ನಾನು ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 31 ವರ್ಷ ಕೆಲಸ ಮಾಡಿದವಳು. ಅದರಲ್ಲಿ ಕೊನೆಯ 9 ವರ್ಷ ಮುಖ್ಯ ಶಿಕ್ಷಕಿ. ಮಕ್ಕಳು ಯಾಕೆ ಪದೇ ಪದೇ ಶಾಲೆ ತಪ್ಪಿಸುತ್ತಾರೆ ಅನ್ನೋದರ ಬಗ್ಗೆ ಮಾತಾಡಿ ಅಂದರು. ಒಪ್ಪಿಕೊಂಡೆ. ಆದರೆ ತಂದೆ ತಾಯಿಗೆ ಅರಿವಿಲ್ಲ, ಬಡತನ ಅಂತ ಹೇಳಿ ಕೂತುಬಿಡೋಕೆ ನಾನು ಬಂದಿಲ್ಲ. ಅದನ್ನು ನೀವೂ ಸಾವಿರ ಸಲ ಕೇಳಿದ್ದೀರಿ, ಅಲ್ವಾ?

ದಿನಾ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ಅಡುಗೆ ಕೋಣೆಯಿಂದ ಒಂದು ಕೂಗು ಬರುತ್ತಿತ್ತು: "ಅಕ್ಕೋರೆ, ಇವತ್ತ ಎಷ್ಟ್ರಿ?" ಒಂದರಿಂದ ಐದನೇ ತರಗತಿಯವರಿಗೆ ತಲೆಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರಿಗೆ 150 ಗ್ರಾಂ. ಹಾಲಿಗೆ ಪುಡಿ ತೂಗಬೇಕು, ಬೇಳೆ ಅಳೆಯಬೇಕು. ಹಾಗಾಗಿ ನಾವು ಹಾಜರಿ ಪುಸ್ತಕವನ್ನು ಮೇಲಿಂದ ಕೆಳಕ್ಕೆ ಓದೋದು ಕಲಿತೆವು. ಇವತ್ತಿನ ಕಾಲಂ, ಕೆಳಗೆ ಒಟ್ಟು, ಅಷ್ಟೇ. ಬಿಇಒ ಕಚೇರಿಗೂ ಅದೇ ಬೇಕು, ಅಕ್ಷರ ದಾಸೋಹದ ಬಿಸಿಯೂಟಕ್ಕೂ ಅದೇ ಬೇಕು. ಎಷ್ಟು ಮಕ್ಕಳು ಬಂದರು ಅಂತ ಎಲ್ಲರೂ ಕೇಳುತ್ತಾರೆ. ಯಾರು ಬಂದಿಲ್ಲ ಅಂತ ಮಾತ್ರ ಯಾರೂ ಕೇಳಲ್ಲ.

ಒಂದು ಲೆಕ್ಕ ನೋಡಿ. ತರಗತಿಯಲ್ಲಿ 40 ಮಕ್ಕಳು. ದಿನಾ ಸರಾಸರಿ 36 ಜನ ಬರುತ್ತಾರೆ. ಶೇಕಡಾ 90 ಹಾಜರಿ, ಪರವಾಗಿಲ್ಲ ಅನ್ನಿಸುತ್ತೆ. ವರ್ಷಕ್ಕೆ 220 ದಿನ ಶಾಲೆ ಅಂತ ಇಟ್ಟುಕೊಂಡರೆ ಒಟ್ಟು 880 ಗೈರು. ಈ 880 ಎಲ್ಲರಿಗೂ ಸಮನಾಗಿ ಹಂಚಿದ್ದರೆ ಒಬ್ಬೊಬ್ಬರಿಗೆ 22 ದಿನ. ಆದರೆ ಹಾಗೆ ಎಲ್ಲಿ ಹಂಚಿರುತ್ತೆ? ಅದೇ 880 ಗೈರು ಎಂಟೇ ಮಕ್ಕಳ ತಲೆ ಮೇಲೆ ಬಿದ್ದಿರಬಹುದು. ಆಗ ಆ ಎಂಟು ಮಕ್ಕಳು ವರ್ಷದಲ್ಲಿ 110 ದಿನ, ಅಂದರೆ ಅರ್ಧ ವರ್ಷ, ಶಾಲೆಯಲ್ಲೇ ಇಲ್ಲ. ಕೆಳಗಿನ ಒಟ್ಟು ಮಾತ್ರ ಎರಡು ಕಡೆಯೂ 36.

ಅಮೆರಿಕದಂಥ ದೇಶಗಳಲ್ಲಿ ವರ್ಷದ ಹತ್ತನೇ ಒಂದು ಭಾಗ ತಪ್ಪಿಸಿದ ಮಗುವನ್ನು ಬೇರೆಯಾಗಿ ಗುರುತಿಸುತ್ತಾರೆ. ನಮ್ಮ ಲೆಕ್ಕದಲ್ಲಿ 22 ದಿನ. ತಿಂಗಳಿಗೆ ಎರಡು ದಿನ ಹೋದರೆ ಸಾಕು, ಅಲ್ಲಿಗೆ ಮುಟ್ಟುತ್ತೆ. ಎರಡು ದಿನ ಅಂದರೆ ಯಾರಿಗೂ ಕಣ್ಣಿಗೇ ಬೀಳಲ್ಲ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಹೈಕೋರ್ಟ್ ತಾನೇ ಪ್ರಕರಣ ದಾಖಲಿಸಿಕೊಂಡಿತು. ಆಮೇಲೆ, ಸತತ 7 ದಿನ ಕಾರಣವಿಲ್ಲದೆ ಬಾರದ ಮಗು ಹೊರಗುಳಿದ ಮಗು ಎಂಬ ಲೆಕ್ಕ ಬಂತು. ಒಳ್ಳೆಯದೇ. ಆದರೆ ಮೂರು ದಿನ ತಪ್ಪಿಸಿ, ಒಂದು ದಿನ ಬಂದು, ಮತ್ತೆ ಮೂರು ದಿನ ತಪ್ಪಿಸುವ ಹುಡುಗ ಈ ಬಲೆಗೆ ಬೀಳೋದೇ ಇಲ್ಲ. ಇನ್ನೊಂದು ಮಾತು ನಮ್ಮ ನಮ್ಮಲ್ಲೇ ಇರಲಿ. ಏಳನೇ ದಿನವೂ ಗೈರು ಅಂತ ಬರೆದರೆ ವರದಿ ಕೊಡಬೇಕು, ಸಭೆಗೆ ಹೋಗಬೇಕು. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಒಂದು ಹುದ್ದೆ ಹೆಚ್ಚುವರಿ ಅಂತ ಲೆಕ್ಕವಾಗಿ ಕೈತಪ್ಪುತ್ತೆ ಅನ್ನೋ ಭಯ ಬೇರೆ. ಹಾಗಾಗಿ ಆರನೇ ದಿನ ಆ ಚೌಕದಲ್ಲಿ ಪೆನ್ಸಿಲ್ಲಿನ ಒಂದು ಚುಕ್ಕೆ ಕೂರುತ್ತೆ. ನಾಳೆ ಬಂದಾನು, ಆಮೇಲೆ ಪೆನ್ನಿನಲ್ಲಿ ಹಾಜರಿ ತುಂಬೋಣ ಅಂತ. ನಗಬೇಡಿ, ನಾನೂ ಇಟ್ಟಿದ್ದೇನೆ ಆ ಚುಕ್ಕೆ.

ನಾನು ಪುಸ್ತಕವನ್ನು ಅಡ್ಡಕ್ಕೆ, ಅಂದರೆ ಒಂದೊಂದು ಮಗುವಿನ ಸಾಲು ಹಿಡಿದು, ಓದೋಕೆ ಶುರು ಮಾಡಿದ್ದು ಒಬ್ಬ ಹುಡುಗಿಯಿಂದ. ಆರನೇ ತರಗತಿ, ಚುರುಕು. ತಿಂಗಳ ಕೊನೆಗೆ ಮೊತ್ತ ಹಾಕುವಾಗ ಕಾಲಂ ತಪ್ಪಬಾರದು ಅಂತ ಅವಳ ಹೆಸರಿನ ಕೆಳಗೆ ಸ್ಕೇಲ್ ಇಟ್ಟೆ. ಕೆಂಪು ಶಾಯಿಯ ಗೈರು ಗುರುತುಗಳು ಸರಿಯಾಗಿ ಏಳೇಳು ದಿನಕ್ಕೊಂದು. ಎಲ್ಲಾ ಮಂಗಳವಾರ. ಹಿಂದಿನ ತಿಂಗಳು ತಿರುವಿದೆ, ಅಲ್ಲೂ ಮಂಗಳವಾರ. ನಮ್ಮ ಪಕ್ಕದ ಊರಿನ ಸಂತೆ ಮಂಗಳವಾರ.

ಕರೆದು ಕೇಳಿದೆ. ತಲೆ ತಗ್ಗಿಸಿಕೊಂಡು ಹೇಳಿದಳು: "ಅವ್ವ ಸಂತಿಗೆ ಕಾಯಿಪಲ್ಯೆ ಮಾರಾಕ ಹೋಗ್ತಾಳ್ರಿ. ತಮ್ಮನ್ನ ಯಾರ್ ನೋಡ್ಬೇಕ್ರಿ ಅಕ್ಕೋರೆ?"

ತಮ್ಮನಿಗೆ ಒಂದೂವರೆ ವರ್ಷ. ಅಂಗನವಾಡಿ ಊರ ಇನ್ನೊಂದು ತುದಿಯಲ್ಲಿ. ಅಷ್ಟು ಚಿಕ್ಕ ಮಗುವನ್ನು ಇಡೀ ದಿನ ಇಟ್ಟುಕೊಳ್ಳೋಕೆ ಆಗಲ್ಲ ಅಂತ ಅಲ್ಲಿ ಹೇಳಿದ್ದರು. ಅವರದೂ ತಪ್ಪಲ್ಲ. ಆ ಹುಡುಗಿಗೆ ನಾನು ಓದಿನ ಮಹತ್ವ ಅಂತ ಅರ್ಧ ಗಂಟೆ ಭಾಷಣ ಮಾಡಬಹುದಿತ್ತು. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಬೇಕಾಗಿದ್ದು ಮಂಗಳವಾರಕ್ಕೆ ಒಂದು ಮಡಿಲು. ತಮ್ಮನನ್ನೂ ಕರಕೊಂಡು ಬಾ ಅಂದೆ. ಬಂದ. ಮೊದಲ ಮಂಗಳವಾರ ಅತ್ತು ಅತ್ತು ಇಡೀ ತರಗತಿಯನ್ನು ಎಬ್ಬಿಸಿಬಿಟ್ಟ. ಎರಡನೇ ಮಂಗಳವಾರ ಚಾಕ್‌ಪೀಸ್ ತಿಂದ. ಮೂರನೇ ವಾರದಿಂದ ಅಡುಗೆಯವರು ತಾವೇ ಎತ್ತಿಕೊಂಡು ಹೋಗಿ ಅಡುಗೆ ಕೋಣೆಯ ಹೊರಗೆ ಚಾಪೆ ಹಾಸಿ ಕೂರಿಸತೊಡಗಿದರು. ಭೇಟಿಗೆ ಬಂದ ಅಧಿಕಾರಿಯೊಬ್ಬರು ಇದೇನು ಶಾಲೆಯೋ ತೊಟ್ಟಿಲ ಮನೆಯೋ ಅಂತ ಬೈದರು. ಬೈಸಿಕೊಂಡೆ. ಆ ವರ್ಷ ಅವಳ ಸಾಲಿನಲ್ಲಿ ಕೆಂಪು ಗುರುತು ಆಮೇಲೆ ಮೂರೇ ಮೂರು.

ಈಗ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶುರುವಾಗಿದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ಅದು ದೊಡ್ಡ ಅಕ್ಕಂದಿರ ಶಾಲೆಗೂ ಸಂಬಂಧಪಟ್ಟ ಯೋಜನೆ ಅಂತ ನಾನು ತಿಳಿಯುತ್ತೇನೆ. ಅಂಗನವಾಡಿಯವರನ್ನು ಮುಂದೆ ಕರೆದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ನಿಮ್ಮ ಬಾಗಿಲು ಒಂದು ದಿನ ಮುಚ್ಚಿದರೆ ನಮ್ಮ ಆರನೇ ತರಗತಿಯಲ್ಲಿ ನಾಲ್ಕು ಹುಡುಗಿಯರು ಇರಲ್ಲ.

ಹುಡುಗರ ಕಥೆ ಬೇರೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಹತ್ತಿ ಬೀಜದ ಹೊಲಗಳಲ್ಲಿ 'ಕ್ರಾಸಿಂಗ್' ಕೆಲಸ ಶುರುವಾಗುತ್ತೆ. ಸಂಜೆ ಮೊಗ್ಗು ಬಿಡಿಸಿ ಅದರೊಳಗಿನ ಗಂಡು ಭಾಗ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಅದು ಅರಳಿದಾಗ ಇನ್ನೊಂದು ಜಾತಿಯ ಹೂವು ತಂದು ಮುಟ್ಟಿಸಬೇಕು. ಬಿಸಿಲು ಏರಿಬಿಟ್ಟರೆ ಕಾಯಿ ಕಚ್ಚಲ್ಲ. ಎರಡು ತಿಂಗಳು ಒಂದು ದಿನವೂ ಬಿಡುವ ಹಾಗಿಲ್ಲ. ಗಿಡದ ಎತ್ತರಕ್ಕೆ ಮಕ್ಕಳ ಕೈ ಸರಿಹೋಗುತ್ತೆ ಅಂತ ಹೊಲದವರ ವಾದ. ಕೂಲಿ ಕಡಿಮೆ ಕೊಟ್ಟರೆ ಆಗುತ್ತೆ ಅನ್ನೋದು ಅಸಲಿ ಕಾರಣ.

ಒಬ್ಬ ಹೊಲದ ಮಾಲೀಕರ ಹತ್ತಿರ ಹೋಗಿದ್ದೆ. ಅವರು ನಕ್ಕು, "ಅಕ್ಕೋರೆ, ಹೂವು ನಿಮ್ಮ ಗಂಟಿಗೆ ಕಾಯ್ತದೇನ್ರಿ?" ಅಂದರು. ಕಾನೂನು ಹೇಳಿದೆ. 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳೋ ಹಾಗಿಲ್ಲ. 2016ರ ತಿದ್ದುಪಡಿಯಲ್ಲಿ ಮನೆಯವರ ಕೆಲಸಕ್ಕೆ ವಿನಾಯಿತಿ ಇದೆ, ಅದೂ ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ. "ಎಲ್ಲಾ ನಮ್ಮ ಸಂಬಂಧಿಕರ ಹುಡುಗ್ರೇ" ಅಂದರು. ಆ ವಿನಾಯಿತಿಯ ಬಾಗಿಲು ಎಷ್ಟು ಅಗಲ ಅಂತ ನನಗೆ ಅವತ್ತು ಗೊತ್ತಾಯಿತು.

ಆ ಹುಡುಗರಲ್ಲಿ ಕೆಲವರು ಹನ್ನೊಂದು ಗಂಟೆಗೆ ಹೊಲದಿಂದ ನೇರ ಶಾಲೆಗೆ ಬರುತ್ತಿದ್ದರು. ಕೈಯಲ್ಲಿ ಹಳದಿ ಪುಡಿ, ಕಾಲಲ್ಲಿ ಮಣ್ಣು. ನಾವು ಏನು ಮಾಡುತ್ತಿದ್ದೆವು? ತಡವಾಗಿ ಬಂದದ್ದಕ್ಕೆ ಹೊರಗೆ ನಿಲ್ಲಿಸುತ್ತಿದ್ದೆವು. ಎರಡು ದಿನ ನಿಂತರು, ಮೂರನೇ ದಿನ ಬರಲಿಲ್ಲ. ಮಧ್ಯಾಹ್ನವೂ ಹೊಲದಲ್ಲೇ ಉಳಿದರು. ಅರ್ಧ ದಿನದ ಗೈರನ್ನು ಪೂರ್ತಿ ದಿನದ ಗೈರು ಮಾಡಿದ್ದು ನಾವೇ. ಮುಂದಿನ ವರ್ಷ ಒಳಗೆ ಬಿಟ್ಟೆ. ಗಣಿತವನ್ನು ಮಧ್ಯಾಹ್ನಕ್ಕೆ ಹಾಕಿದೆ. ಇದು ಸರಿಯೋ ತಪ್ಪೋ ಅಂತ ಈಗಲೂ ಒಳಗೊಳಗೆ ಕೊರೆಯುತ್ತೆ. ಬಾಲ ಕಾರ್ಮಿಕ ಕೆಲಸಕ್ಕೆ ನಾನೇ ವೇಳಾಪಟ್ಟಿ ಮಾಡಿಕೊಟ್ಟ ಹಾಗಾಯಿತಲ್ಲ ಅಂತ. ಆದರೂ ಆ ಹುಡುಗರಲ್ಲಿ ಯಾರ ಹೆಸರೂ ಹೊಡೆದುಹಾಕುವ ಪ್ರಸಂಗ ಬರಲಿಲ್ಲ.

ಗುಳೆ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೆಲ್ಲ ಗೊತ್ತಿರೋದೇ. ದೀಪಾವಳಿ ಆದ ಮೇಲೆ ಬೆಂಗಳೂರು, ಪುಣೆ, ಹೈದರಾಬಾದ್ ಬಸ್ಸುಗಳಲ್ಲಿ ಗಂಟುಮೂಟೆ ಏರುತ್ತೆ, ಯುಗಾದಿಗೆ ಇಳಿಯುತ್ತೆ. ಅಜ್ಜಿ ಹತ್ತಿರ ಬಿಟ್ಟು ಹೋಗೋಕೆ ಆದರೆ ಬಿಡಿಸಿ. ಋತುಮಾನದ ವಸತಿ ಶಾಲೆ ಹತ್ತಿರ ಇದ್ದರೆ ಸೇರಿಸಿ. ಇಲ್ಲದಿದ್ದರೆ ಹೋಗುವ ಮಗುವಿನ ಕೈಗೆ ಒಂದು ಚೀಟಿ ಕೊಡಿ: ಎಷ್ಟನೇ ತರಗತಿ, ಪಾಠ ಎಲ್ಲಿಗೆ ಬಂದಿದೆ, ನಿಮ್ಮ ಫೋನ್ ನಂಬರ್. ಟಿಸಿ ತಡವಾಯಿತು ಅಂತ ಯಾವ ಸರ್ಕಾರಿ ಶಾಲೆಯೂ ಮಗುವನ್ನು ಹೊರಗೆ ನಿಲ್ಲಿಸೋ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನೇ ಹೇಳುತ್ತೆ. ನಮ್ಮ ಚೀಟಿ ಹಿಡಿದು ಬೆಂಗಳೂರಿನ ಶಾಲೆಯೊಂದರಿಂದ ಒಬ್ಬ ಮೇಷ್ಟ್ರು ಫೋನ್ ಮಾಡಿದ್ದರು. ಹತ್ತು ಚೀಟಿ ಕೊಟ್ಟಾಗ ಒಂದು ಫೋನ್. ಸಾಕು ಅಂದುಕೊಂಡೆ.

ಕೊನೆಯದಾಗಿ, ನಾನು ಮಾಡಿದ ಒಂದು ತಪ್ಪು. ಹನ್ನೆರಡು ದಿನ ಜ್ವರ ಅಂತ ಬಾರದ ಹುಡುಗ ಬಾಗಿಲಲ್ಲಿ ನಿಂತ. "ಓಹೋ, ಸಾಹೇಬ್ರು ದಯಮಾಡಿಸಿದ್ರು, ಕುರ್ಚಿ ಹಾಕ್ರಪ್ಪ" ಅಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ಅವತ್ತು ಭಾಗಾಕಾರ ನಡೆಯುತ್ತಿತ್ತು. ಹಿಂದಿನ ಹನ್ನೆರಡು ದಿನದಲ್ಲಿ ಶುರುವಾಗಿದ್ದ ಪಾಠ. ಅವನಿಗೆ ತಲೆ ಬುಡ ಗೊತ್ತಾಗಲಿಲ್ಲ, ನಾನು ತಿರುಗಿ ಹೇಳಿಕೊಡಲೂ ಇಲ್ಲ. ಮರುದಿನ ಅವನು ಬರಲಿಲ್ಲ. ಜ್ವರ ಬಿಟ್ಟ ಮೇಲೂ ಹದಿನೈದು ದಿನ ಬರಲಿಲ್ಲ. ಮನೆಗೆ ಹೋದಾಗ ಅವನ ಅಜ್ಜಿ, "ಹುಡುಗ ಸಾಲಿ ಅಂದ್ರ ಹೊಟ್ಟಿ ನೋಯ್ತದ ಅಂತಾನ್ರಿ" ಅಂದರು. ನಿಜವಾಗಿಯೂ ನೋಯುತ್ತಿತ್ತೋ ಏನೋ. ಆಮೇಲೆ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ತಪ್ಪಿಸಿ ಬಂದ ಮಗುವಿಗೆ ಮೊದಲ ಮಾತು "ಊಟ ಆಯ್ತಾ?" ಅಂತ. ಆಮೇಲೆ ಪಕ್ಕದಲ್ಲಿ ಒಬ್ಬ ಜೊತೆಗಾರ, ಹೋದ ಪಾಠಕ್ಕೆ. ಯಾಕೆ ಬರಲಿಲ್ಲ ಅನ್ನೋ ಪ್ರಶ್ನೆ ಮಧ್ಯಾಹ್ನದ ಮೇಲೆ, ಅದೂ ಒಬ್ಬರೇ ಇದ್ದಾಗ.

ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡೋದು ನನಗೆ ಅಷ್ಟು ಸೇರಲ್ಲ. ಬಹುಮಾನ ತಗೊಳ್ಳೋರು ಹೇಗೂ ಬರೋ ಮಕ್ಕಳು. ಕಣ್ಣು ಬೇನೆ ಬಂದರೂ ಬಂದು ಹತ್ತು ಜನಕ್ಕೆ ಹಂಚುತ್ತಾರೆ, ಅದು ಬೇರೆ.

ಸರಿ. ನವೆಂಬರ್ ತಿಂಗಳ ಹಾಜರಿ ಪುಸ್ತಕ ತನ್ನಿ ಅಂತ ಮೊದಲೇ ಹೇಳಿ ಕಳಿಸಿದ್ದೆ. ತೆಗೆಯಿರಿ. ಸ್ಕೇಲ್ ಇಲ್ಲದವರು ಪಕ್ಕದವರ ಹತ್ತಿರ ಇಸ್ಕೊಳ್ಳಿ. ಮೊದಲ ಹೆಸರಿನ ಕೆಳಗೆ ಇಡಿ. ಎರಡಕ್ಕಿಂತ ಜಾಸ್ತಿ ಗೈರು ಇದ್ದರೆ ಆ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಅದರ ಮುಂದೆ ಗೈರಾದದ್ದು ಸೋಮವಾರವೋ ಮಂಗಳವಾರವೋ ಅಂತಲೂ ಬರೆಯಿರಿ. ಪೆನ್ಸಿಲ್ ಚುಕ್ಕೆ ಸಿಕ್ಕರೆ ಅದನ್ನೂ ಗೈರು ಅಂತಲೇ ಎಣಿಸಿ, ನಾನು ಯಾರಿಗೂ ಹೇಳಲ್ಲ. ಇಪ್ಪತ್ತು ನಿಮಿಷ ಸಮಯ. ಚಹಾ ಇಲ್ಲಿಗೇ ಬರುತ್ತೆ.