ಆಸ್ಪತ್ರೆಯಲ್ಲಿ ತಗುಲಿದ ಸೋಂಕಿಗೆ ಯಾರು ದುಡ್ಡು ಕೊಡಬೇಕು?

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಮ್ಮಮ್ಮನಿಗೆ ಸೊಂಟದ ಆಪರೇಷನ್ ಆಯಿತು. ಮೂತ್ರಕ್ಕೆ ಪೈಪ್ ಹಾಕಿದ್ದರು. ಮೂರನೇ ದಿನ ಅಮ್ಮ ಎದ್ದು ಕೂತರು, ಪೈಪ್ ಮಾತ್ರ ಹಾಗೇ ಇತ್ತು. ಯಾರೂ ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ಆರನೇ ದಿನ ಚಳಿಜ್ವರ ಬಂತು. ಮೂತ್ರದಲ್ಲಿ ಸೋಂಕು. ಇನ್ನೂ ಐದು ದಿನ ಬೆಡ್, ದುಬಾರಿ ಇಂಜೆಕ್ಷನ್. ಅಷ್ಟೂ ನಮ್ಮ ಬಿಲ್ಲಿಗೇ ಸೇರಿತು.

ಅಮೆರಿಕದಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಅಲ್ಲೂ ಮೊದಲು ಹೀಗೇ ಇತ್ತು. ರೋಗಿಗೆ ಸೋಂಕಾದರೆ ಆಸ್ಪತ್ರೆಗೆ ಜಾಸ್ತಿ ದುಡ್ಡು ಸಿಗುತ್ತಿತ್ತು. 2008ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಿದರು. ಪೈಪಿನಿಂದ ಬಂದ ಸೋಂಕು, ಮಲಗಿ ಮಲಗಿ ಆದ ಆಳವಾದ ಹುಣ್ಣು, ಹೊಟ್ಟೆಯೊಳಗೆ ಮರೆತ ಬಟ್ಟೆ, ಇಂಥವಕ್ಕೆಲ್ಲ ಹೆಚ್ಚುವರಿ ಹಣ ಇಲ್ಲ ಅಂದರು. 2014ರಿಂದ ಇನ್ನೂ ಬಿಗಿ. ಇಂಥ ತೊಂದರೆ ಅತಿ ಹೆಚ್ಚಿರುವ ಕಾಲು ಭಾಗದಷ್ಟು ಆಸ್ಪತ್ರೆಗಳಿಗೆ ಮೆಡಿಕೇರ್ ಹಣದಲ್ಲಿ ಶೇ 1 ಕಡಿತ.

ನ್ಯಾಯ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ 2012ರಲ್ಲಿ 398 ಆಸ್ಪತ್ರೆಗಳ ಲೆಕ್ಕ ಹೊರಬಂತು. ಸೋಂಕು ಮೊದಲೇ ಇಳಿಯುತ್ತಿತ್ತು. 2008ರ ನಿಯಮ ಬಂದಮೇಲೆ ಆ ಇಳಿತದ ವೇಗ ಹೆಚ್ಚಲಿಲ್ಲ.

ಹಾಗಾದರೆ ಸೋಂಕನ್ನು ಇಳಿಸುವುದು ಯಾವುದು? ಅದಕ್ಕೆ ಮಿಷಿಗನ್ ರಾಜ್ಯಕ್ಕೆ ಹೋಗಬೇಕು. ದಂಡದ ಮಾತೇ ಇಲ್ಲದ ಕಾಲದಲ್ಲಿ, ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರ ತಂಡ ಅಲ್ಲಿನ ನೂರಕ್ಕೂ ಹೆಚ್ಚು ಐಸಿಯುಗಳ ಜೊತೆ ಕೆಲಸ ಮಾಡಿತು. ದೊಡ್ಡ ರಕ್ತನಾಳಕ್ಕೆ ಲೈನ್, ಅಂದರೆ ಔಷಧಿ ಕೊಡುವ ತೆಳು ಪೈಪ್, ಹಾಕುವಾಗ ಐದೇ ಕೆಲಸ. ಕೈ ತೊಳೆಯಿರಿ. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಒರೆಸಿ. ಟೋಪಿ, ಮಾಸ್ಕ್, ಗೌನ್, ಗ್ಲೌಸ್ ಹಾಕಿ, ರೋಗಿಗೆ ಪೂರ್ತಿ ಬಟ್ಟೆ ಹೊದಿಸಿ. ಆದಷ್ಟು ತೊಡೆಸಂದಿಯಲ್ಲಿ ಹಾಕಬೇಡಿ. ಬೇಡವಾದ ದಿನವೇ ತೆಗೆಯಿರಿ. ಬೇಕಾದ ಸಾಮಾನೆಲ್ಲ ಒಂದೇ ತಳ್ಳುಗಾಡಿಯಲ್ಲಿ ಇಟ್ಟರು. ಡಾಕ್ಟರು ಒಂದು ಹೆಜ್ಜೆ ಬಿಟ್ಟರೂ 'ನಿಲ್ಲಿಸಿ' ಅನ್ನುವ ಅಧಿಕಾರ ನರ್ಸಿಗೆ ಕೊಟ್ಟರು. ಒಂದೂವರೆ ವರ್ಷದಲ್ಲಿ ಆ ಲೈನಿನಿಂದ ರಕ್ತಕ್ಕೆ ತಗುಲುವ ಸೋಂಕು ಸುಮಾರು ಮೂರನೇ ಎರಡರಷ್ಟು ಇಳಿಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ನರ್ಸಿನ ಅಧಿಕಾರ. ನಮ್ಮ ಎಷ್ಟು ವಾರ್ಡುಗಳಲ್ಲಿ ಸಿಸ್ಟರ್ ದೊಡ್ಡ ಡಾಕ್ಟರಿಗೆ 'ಸಾರ್, ಕೈ ತೊಳೆದಿಲ್ಲ' ಅನ್ನಬಹುದು?

ಆಯುಷ್ಮಾನ್ ಭಾರತ್‌ನಲ್ಲಿ ನಮ್ಮ ಸರ್ಕಾರವೂ ಪ್ಯಾಕೇಜ್ ಲೆಕ್ಕದಲ್ಲಿ, ಅಂದರೆ ಒಂದು ಚಿಕಿತ್ಸೆಗೆ ಇಂತಿಷ್ಟು ಅಂತ, ದುಡ್ಡು ಕೊಡುತ್ತದೆ. ಗುಣಮಟ್ಟದ ಮಾನ್ಯತೆ ಇರುವ ಆಸ್ಪತ್ರೆಗೆ ಸ್ವಲ್ಪ ಜಾಸ್ತಿ ಕೊಡಲು ಅವಕಾಶವೂ ಇದೆ. ಆ ಜಾಸ್ತಿ ದುಡ್ಡು ಗೋಡೆಯ ಮೇಲಿನ ಸರ್ಟಿಫಿಕೇಟಿಗೆ ಮಾತ್ರ ಸಿಗಬಾರದು. ಸೋಂಕನ್ನು ಮುಚ್ಚಿಡದೆ ಎಣಿಸಿ ತೋರಿಸುವ ಆಸ್ಪತ್ರೆಗೆ ಸಿಗಬೇಕು. ಸುಮ್ನೆ ದಂಡ ಹಾಕಿದರೆ ಲೆಕ್ಕ ಮುಚ್ಚಿಡುವ ಆಸೆ ಹುಟ್ಟುತ್ತದೆ. ಮೊದಲೇ ಬಡವಾಗಿರುವ ಸರ್ಕಾರಿ ಆಸ್ಪತ್ರೆಗೆ ಪೆಟ್ಟು ಜಾಸ್ತಿ. ಆ ದುಡ್ಡಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಬರಲಿ. ಪ್ರತಿ ಬೆಳಿಗ್ಗೆ ಹಾಸಿಗೆ ಹಾಸಿಗೆಗೂ ಹೋಗಿ, ಪೈಪ್ ಹಾಕಿದ ತಾರೀಖು ನೋಡಿ, 'ಇದು ಇವತ್ತೂ ಬೇಕಾ?' ಅಂತ ಕೇಳಲು ಅವರಿಗೆ ಪುರುಸೊತ್ತು ಸಿಗಲಿ. ನಮ್ಮಮ್ಮನ ಹಾಸಿಗೆ ಹತ್ತಿರ ಮೂರನೇ ದಿನ ಯಾರೂ ಹಾಗೆ ಕೇಳಲಿಲ್ಲ.