ನನ್ನ ಪಫರ್ ಮೀನನ್ನ ಉಬ್ಬಿಸಿ ತೋರಿಸಲ್ಲ

ಮೀನು ಚೆಂಡಿನಷ್ಟು ದುಂಡಗಾಗೋದನ್ನ ನೋಡೋಣ ಅಂತ ಬಂದಿದ್ರೆ ಮೊದಲೇ ಹೇಳ್ಬಿಡ್ತೀನಿ. ನಾನು ಇದನ್ನ ಉಬ್ಬಿಸಿ ತೋರಿಸಲ್ಲ. ಯಾಕೆ ತೋರಿಸಲ್ಲ ಅನ್ನೋದೇ ಇವತ್ತಿನ ವಿಷಯ.

ಗಾಜಿಗೆ ಮೂತಿ ಹಚ್ಚಿ ನಿಮ್ಮನ್ನೇ ದಿಟ್ಟಿಸ್ತಾ ಇದೆಯಲ್ಲ, ಇದು ಗ್ರೀನ್ ಸ್ಪಾಟೆಡ್ ಪಫರ್. ಹಸಿರು ಹಳದಿ ಬೆನ್ನು, ಮೈತುಂಬ ಕಪ್ಪು ಚುಕ್ಕೆ, ಬೆಳ್ಳಗಿನ ಹೊಟ್ಟೆ. ಕಣ್ಣುಗಳನ್ನ ಗಮನಿಸಿ. ಒಂದೊಂದು ಒಂದೊಂದು ದಿಕ್ಕಿಗೆ ತಿರುಗುತ್ತೆ. ಒಂದು ನನ್ನ ಕೈ ಕಡೆ ಇದ್ರೆ ಇನ್ನೊಂದು ಮೂಲೆಯಲ್ಲಿರೋ ಬಸವನಹುಳು ಕಡೆ ಇದೆ. ಈಜೋ ರೀತಿನೂ ಬೇರೆ. ಬಾಲ ಬೀಸಿಕೊಂಡು ನುಗ್ಗೋದಿಲ್ಲ. ಪಕ್ಕದ ಪುಟ್ಟ ರೆಕ್ಕೆಗಳನ್ನ ಪಟಪಟ ಅಂತ ಬಡೀತಾ ನಿಂತಲ್ಲೇ ನಿಲ್ಲುತ್ತೆ, ಹಾಗೇ ಹಿಂದಕ್ಕೂ ಸರಿಯುತ್ತೆ. ಇಕ್ಕಟ್ಟಿನ ಸಂದಿಯೊಳಗೆ ಹುಳು ಹುಡುಕೋಕೆ ಇದಕ್ಕಿಂತ ಒಳ್ಳೆ ಈಜು ಬೇಕಿಲ್ಲ. ಆದ್ರೆ ಬೆನ್ನಟ್ಟಿ ಬಂದ ದೊಡ್ಡ ಮೀನಿನಿಂದ ದೂರದವರೆಗೆ ಓಡಿ ತಪ್ಪಿಸ್ಕೊಳ್ಳೋಕೆ ಈ ವೇಗ ಸಾಲದು. ಮೈಮೇಲೆ ಬೇರೆ ಮೀನುಗಳಿಗೆ ಇರೋ ಥರದ ಹುರುಪೆನೂ ಇಲ್ಲ. ಇಂಥ ಜೀವಿ ಬದುಕಿ ಉಳಿಯೋಕೆ ಇಟ್ಕೊಂಡಿರೋ ದಾರಿಗಳಲ್ಲಿ ಉಬ್ಬೋದೂ ಒಂದು. ನುಂಗೋಕೆ ಬಂದವನ ಬಾಯಿಗೇ ಹಿಡಿಸದಷ್ಟು ದೊಡ್ಡದಾಗಿಬಿಡೋದು.

ಉಬ್ಬೋದು ಗಾಳಿಯಿಂದ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ, ನೀರಿನಿಂದ. ಬಾಯಿತುಂಬ ನೀರು ಎಳೆದುಕೊಳ್ಳುತ್ತೆ, ನೀರು ವಾಪಸ್ ಹೋಗದ ಹಾಗೆ ಬಾಯೊಳಗಿನ ಕವಾಟ ಮುಚ್ಚಿಕೊಳ್ಳುತ್ತೆ, ಆಮೇಲೆ ಆ ನೀರನ್ನ ಒತ್ತಿ ಅನ್ನನಾಳದ ಮೂಲಕ ಹೊಟ್ಟೆಗೆ ತಳ್ಳುತ್ತೆ. ಗುಟುಕಿನ ಮೇಲೆ ಗುಟುಕು, ಕೆಲವೇ ಸೆಕೆಂಡುಗಳಲ್ಲಿ. ಹೊಟ್ಟೆಯ ಒಳಗೋಡೆ ಸೀರೆಯ ನೆರಿಗೆ ಥರ ಮಡಿಕೆ ಮಡಿಕೆಯಾಗಿರುತ್ತೆ, ನೀರು ತುಂಬಿದ ಹಾಗೆ ಒಂದೊಂದೇ ಬಿಚ್ಚಿಕೊಳ್ಳುತ್ತೆ.

ನನ್ನನ್ನ ಬೆರಗು ಮಾಡೋದು ಇದಕ್ಕೋಸ್ಕರ ಈ ಮೀನಿನ ದೇಹ ಏನೇನೆಲ್ಲ ಬಿಟ್ಟುಕೊಟ್ಟಿದೆ ಅನ್ನೋದು. ಇದಕ್ಕೆ ಪಕ್ಕೆಲುಬು ಇಲ್ಲ. ಇದ್ದಿದ್ರೆ ಹೊಟ್ಟೆ ಹಿಗ್ಗೋಕೆ ಜಾಗನೇ ಇರ್ತಿರಲಿಲ್ಲ. ಹೊಟ್ಟೆಯ ಕೆಳಗಡೆ ಬೇರೆ ಮೀನುಗಳಿಗಿರೋ ಜೋಡಿ ರೆಕ್ಕೆ ಇಲ್ಲ, ಅದನ್ನ ಹಿಡಿದಿಡೋ ಮೂಳೆಯೂ ಇಲ್ಲ. ಇನ್ನು ಜಠರ. ಅದು ಆಹಾರ ಜೀರ್ಣ ಮಾಡೋ ಕೆಲಸವನ್ನೇ ಬಿಟ್ಟುಬಿಟ್ಟಿದೆ. ಆ ಕೆಲಸ ಕರುಳಿನದ್ದು, ಜಠರ ಇರೋದು ನೀರು ತುಂಬೋಕೆ. ಚರ್ಮದೊಳಗಿನ ಕೊಲಾಜನ್ ನಾರುಗಳು ಸಾಮಾನ್ಯವಾಗಿ ಅಂಕುಡೊಂಕಾಗಿ ಮಲಗಿರುತ್ವೆ, ಮೈ ಹಿಗ್ಗಿದಾಗ ನೆಟ್ಟಗಾಗಿ ಬಿಗಿಯಾಗ್ತವೆ. ಅದಕ್ಕೇ ಉಬ್ಬಿದ ಪಫರ್ ಅಷ್ಟು ಗಟ್ಟಿ.

ಇಷ್ಟೆಲ್ಲ ಪುಕ್ಕಟೆ ಆಗೋದಿಲ್ಲ. ಉಬ್ಬಿದಾಗ ಮೀನು ಉಸಿರು ಕಟ್ಟಿಕೊಂಡಿರುತ್ತೆ, ಚರ್ಮದಿಂದ ಆಮ್ಲಜನಕ ಹೀರಿಕೊಳ್ಳುತ್ತೆ ಅನ್ನೋ ನಂಬಿಕೆ ಹಿಂದೆ ಇತ್ತು. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬ್ಲ್ಯಾಕ್ ಸ್ಯಾಡಲ್ಡ್ ಟೋಬಿ ಅನ್ನೋ ಸಮುದ್ರದ ಪುಟ್ಟ ಪಫರ್ ಮೀನುಗಳ ಉಸಿರಾಟ ಅಳೆದು ನೋಡಿದ್ರು. ಉಬ್ಬಿಕೊಂಡಿದ್ದಾಗಲೂ ಕಿವಿರು ಕೆಲಸ ಮಾಡ್ತಾನೇ ಇತ್ತು. ಅಷ್ಟೇ ಅಲ್ಲ, ಸುಮ್ಮನಿದ್ದಾಗ ಬಳಸೋದಕ್ಕಿಂತ ಐದು ಪಟ್ಟು ಆಮ್ಲಜನಕ ಬಳಸ್ತಿತ್ತು. ಮತ್ತೆ ಮೊದಲಿನ ಸ್ಥಿತಿಗೆ ಬರೋಕೆ ಸರಾಸರಿ 5.6 ಗಂಟೆ ಹಿಡೀತು. ನಾವು ನೋಡೋದು ಒಂದು ನಿಮಿಷದ ಚಂದ, ಮೀನು ಆಮೇಲೆ ಅರ್ಧ ದಿನ ಸುಧಾರಿಸ್ಕೋಬೇಕು. ಮೋಜಿಗೋಸ್ಕರ ಕಡ್ಡೀಲಿ ಚುಚ್ಚಿ, ಕೈಯಲ್ಲಿ ಹಿಡಿದು ಉಬ್ಬಿಸೋ ವಿಡಿಯೋಗಳನ್ನ ನೋಡಿದಾಗ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ನೀರಿನಿಂದ ಹೊರಗೆ ತೆಗೆದ್ರಂತೂ ಇನ್ನೂ ಅಪಾಯ. ಹೆದರಿದ ಮೀನು ಆಗ ನೀರಿನ ಬದಲು ಗಾಳಿ ನುಂಗುತ್ತೆ. ನುಂಗಿದ ಗಾಳಿಯನ್ನ ಹೊರಗೆ ಹಾಕೋಕೆ ಅದಕ್ಕೆ ಕಷ್ಟ. ಮತ್ತೆ ನೀರಿಗೆ ಬಿಟ್ರೂ ಹೊಟ್ಟೆ ಮೇಲಾಗಿ ತೇಲ್ತಾ ಇರುತ್ತೆ, ಗಾಳಿ ಒಳಗೇ ಉಳಿದ್ರೆ ಸಾಯಲೂಬಹುದು. ಹಾಗಾಗಿ ಪಫರ್ ಮೀನನ್ನ ಬಲೆಯಲ್ಲಿ ಎತ್ತಲೇಬೇಡಿ. ಒಂದು ಡಬ್ಬಿಯನ್ನ ನೀರೊಳಗೇ ಮುಳುಗಿಸಿ, ಮೀನನ್ನ ನಿಧಾನಕ್ಕೆ ಅದರೊಳಗೆ ಬರಮಾಡ್ಕೊಂಡು, ನೀರಿನ ಸಮೇತ ಎತ್ತಿ. ಗಾಳಿ ನುಂಗಿ ತೇಲ್ತಾ ಇದ್ರೆ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಎಷ್ಟೋ ಸಲ ತಾನೇ ಹೊರಗೆ ಹಾಕುತ್ತೆ. ಆಗಲಿಲ್ಲ ಅಂದ್ರೆ ಒದ್ದೆ ಕೈಯಲ್ಲಿ, ನೀರಿನ ಒಳಗೇ, ತಲೆ ಮೇಲೆ ಬಾಲ ಕೆಳಗೆ ಬರೋ ಹಾಗೆ ಮೆತ್ತಗೆ ಹಿಡ್ಕೊಳ್ಳಿ. ಗುಳ್ಳೆಗಳು ಬಾಯಿಂದ ಮೇಲಕ್ಕೆ ಹೋಗೋಕೆ ದಾರಿ ಸಿಗುತ್ತೆ. ಹೊಟ್ಟೆಯನ್ನ ಹಿಸುಕಬೇಡಿ.

ಈಗ ತೆರೆ ಮೇಲೆ ಬರ್ತಿರೋದು ನಾನು ದೂರದಲ್ಲಿ ಕ್ಯಾಮೆರಾ ಇಟ್ಟಿದ್ದಾಗ ಸಿಕ್ಕಿದ ದೃಶ್ಯ. ಯಾರೂ ಮುಟ್ಟಿಲ್ಲ, ಯಾರೂ ಹೆದರಿಸಿಲ್ಲ. ನೀರಿನ ಮಧ್ಯೆ ನಿಂತು ತಾನೇ ಉಬ್ತು, ಸ್ವಲ್ಪ ಹೊತ್ತಿಗೆ ಬಾಯಿಂದ ನೀರು ಬಿಟ್ಟು ಇಳೀತು, ಏನೂ ಆಗಿಲ್ಲ ಅನ್ನೋ ಹಾಗೆ ಹುಳು ಹುಡುಕೋಕೆ ಹೊರಟಿತು. ಪಫರ್ ಸಾಕೋರಲ್ಲಿ ಬಹಳ ಜನ ಇದನ್ನ ನೋಡಿದ್ದಾರೆ. ಅಪರೂಪಕ್ಕೊಮ್ಮೆ ಹೀಗಾದ್ರೆ ಗಾಬರಿ ಬೇಡ. ಮೇಲಿಂದ ಮೇಲೆ ಆಗ್ತಿದ್ರೆ ಮಾತ್ರ ಟ್ಯಾಂಕಿನಲ್ಲಿ ಏನೋ ಸರಿಯಿಲ್ಲ ಅಂತ ಲೆಕ್ಕ.

ಅಷ್ಟಕ್ಕೂ ಈ ಮೀನು ಉಬ್ಬೋದಕ್ಕೆ ಎಷ್ಟೋ ಮೊದಲೇ ತನ್ನ ಕಷ್ಟ ಹೇಳ್ಕೊಳ್ಳುತ್ತೆ. ಬೆಳ್ಳಗಿನ ಹೊಟ್ಟೆ ಬೂದು ಬಣ್ಣಕ್ಕೆ ತಿರುಗುತ್ತೆ. ಗಾಜಿನ ಉದ್ದಕ್ಕೂ ಮೇಲೆ ಕೆಳಗೆ, ಮೇಲೆ ಕೆಳಗೆ ಓಡಾಡ್ತಾನೇ ಇರುತ್ತೆ. ನಾನು ಬೆಳಿಗ್ಗೆ ಮೊದಲು ನೋಡೋದು ಇದರ ಹೊಟ್ಟೆಯ ಬಣ್ಣವನ್ನ. ಬೂದಾಗಿದ್ರೆ ಮೊದಲು ನೀರು ಪರೀಕ್ಷೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಲೇಬೇಕು. ಚೆಲ್ಲಾಡಿಕೊಂಡು ತಿನ್ನೋ ಮೀನು ಇದು, ನೀರು ಬೇಗ ಕೆಡುತ್ತೆ. ಫಿಲ್ಟರ್ ದೊಡ್ಡದಿರಬೇಕು, ನೀರು ಬದಲಾಯಿಸೋದನ್ನ ತಪ್ಪಿಸಬಾರದು. ಹುರುಪೆ ಇಲ್ಲದ ಮೈ ಆಗಿರೋದ್ರಿಂದ ತಾಮ್ರ ಇರೋ ಔಷಧಿಗಳನ್ನ ಕಣ್ಣುಮುಚ್ಚಿ ಹಾಕಬೇಡಿ.

ಇನ್ನೊಂದು ದೊಡ್ಡ ಸಮಸ್ಯೆ ಉಪ್ಪಿನದು. ಗ್ರೀನ್ ಸ್ಪಾಟೆಡ್ ಪಫರ್ ಅಳಿವೆಯ ಮೀನು, ಅಂದ್ರೆ ನದಿ ಸಮುದ್ರ ಸೇರೋ ಕಡೆಯ ಉಪ್ಪು ಬೆರೆತ ನೀರಿನದು. ಅದನ್ನ ಸಿಹಿನೀರಿನ ಮೀನು ಅಂತ ಮಾರೋದು ಎಲ್ಲ ಕಡೆ ನಡೀತಿದೆ. ಮರಿಯಾಗಿದ್ದಾಗ ಹೇಗೋ ತಡ್ಕೊಳ್ಳುತ್ತೆ, ಬೆಳೀತಾ ಬೆಳೀತಾ ಸೊರಗುತ್ತೆ. ಸಮುದ್ರದ ಅಕ್ವೇರಿಯಂಗೆ ಬಳಸೋ ಉಪ್ಪನ್ನೇ ತಗೊಳ್ಳಿ, ಅಡುಗೆ ಉಪ್ಪಲ್ಲ. ಬೇರೆ ಪಾತ್ರೆಯಲ್ಲಿ ಕರಗಿಸಿ, ನೀರಿನ ಉಪ್ಪಿನಂಶ ತೋರಿಸೋ ಹೈಡ್ರೋಮೀಟರಲ್ಲಿ ಅಳೆದು, ವಾರಗಟ್ಟಲೆ ನಿಧಾನಕ್ಕೆ ಏರಿಸಿ. ಇಲ್ಲಾಂದ್ರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗೇ ಏಟು ಬೀಳುತ್ತೆ. ಇದು ಸುಮಾರು 15 ಸೆಂಟಿಮೀಟರ್ ಬೆಳೆಯೋ ಮೀನು, ನೂರು ಲೀಟರಿಗಿಂತ ಚಿಕ್ಕ ಟ್ಯಾಂಕಲ್ಲಿ ಇಡಬೇಡಿ. ಬೇರೆ ಮೀನುಗಳ ಜೊತೆ ಬಿಟ್ರೆ ಅವುಗಳ ರೆಕ್ಕೆ ಕಚ್ಚಿ ಹರಿಯುತ್ತೆ.

ಊಟಕ್ಕೆ ಚಿಪ್ಪು ಇರೋದನ್ನೇ ಕೊಡಿ. ನಾಲ್ಕು ಹಲ್ಲು ಬೆಸೆದು ಕೊಕ್ಕಿನ ಥರ ಆಗಿರೋ ಬಾಯಿ ಇದು, ಆ ಹಲ್ಲು ಜೀವನವಿಡೀ ಬೆಳೀತಾನೇ ಇರುತ್ತೆ. ಬಸವನಹುಳು ಕಡಿದು ಸವೆಯದಿದ್ರೆ ಕೊನೆಗೆ ಬಾಯಿ ತೆರೆಯೋಕೇ ಆಗದೆ ಉಪವಾಸ ಬೀಳುತ್ತೆ.

ಈ ಕಡೆ ಗಿಡಗಳ ನಡುವೆ ಓಡಾಡ್ತಿರೋ ಪುಟಾಣಿಗಳು ಪೀ ಪಫರ್. ಇವು ಪೂರ್ತಿ ಸಿಹಿನೀರಿನವು, ಪಶ್ಚಿಮ ಘಟ್ಟದ ನದಿಗಳಲ್ಲಿ ಬಿಟ್ರೆ ಪ್ರಕೃತಿಯಲ್ಲಿ ಬೇರೆಲ್ಲೂ ಇಲ್ಲ. 1941ರಲ್ಲಿ ವಿಜ್ಞಾನಿಗಳು ಇದನ್ನ ಹೊಸ ಪ್ರಭೇದ ಅಂತ ವಿವರಿಸಿದ್ದು ಪಂಪಾ ನದಿಯ ಮೀನುಗಳನ್ನ ನೋಡಿ. ಎಷ್ಟು ಬೆಳೆದ್ರೂ ಮೂರು, ಮೂರೂವರೆ ಸೆಂಟಿಮೀಟರ್. ಇವೂ ಉಬ್ಬುತ್ವೆ. ಅಪಾಯದ ಅಂಚಿನಲ್ಲಿರೋ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ಇದರ ಹೆಸರಿದೆ, ಅದಕ್ಕಿರೋ ಕಾರಣಗಳಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆ ನದಿಯಿಂದ ಹಿಡಿಯೋದೂ ಒಂದು. ಟ್ಯಾಂಕಿನಲ್ಲೇ ಮರಿ ಮಾಡಿಸಬಹುದಾದ ಮೀನು ಇದು. ಆದ್ದರಿಂದ ಕೊಳ್ಳೋಕೆ ಹೋದಾಗ ಯಾವ ಜಾತಿ, ಯಾವ ನೀರು, ನದಿಯಿಂದ ಹಿಡಿದದ್ದಾ ಇಲ್ಲ ಸಾಕಿ ಮರಿ ಮಾಡಿದ್ದಾ ಅಂತ ಕೇಳಿ. ಉತ್ತರ ಸಿಗೋವರೆಗೂ ಕೊಳ್ಳಬೇಡಿ. ಅಂಗಡಿಯವರು ಬಲೆ ಎತ್ಕೊಂಡ್ರೆ ತಡೆದು, ನೀರಿನ ಸಮೇತ ಡಬ್ಬಿಯಲ್ಲೇ ಕೊಡಿ ಅಂತ ಹೇಳಿ.