ನಲವತ್ತೆರಡನೇ ದಿನ ಬನ್ನಿ

ಕೇಳುಗರಿಗೆ ನಮಸ್ಕಾರ.

ಹೆರಿಗೆಯಾದ ಮೂರನೇ ದಿನ ವಾರ್ಡಿನಲ್ಲಿ ನಡೆಯುವ ಮಾತು ನನಗೆ ಬಾಯಿಪಾಠ ಆಗಿಹೋಗಿದೆ. ನರ್ಸ್ ಬಾಣಂತಿಯ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ತೊಂಬತ್ತೋ ನೂರೋ ಬರುತ್ತದೆ. ಪಕ್ಕದಲ್ಲಿ ಕೂತ ಬಾಣಂತಿಯ ತಾಯಿ, "ಸದ್ಯ, ಶುಗರ್ ಹೋಯ್ತಲ್ಲ ಡಾಕ್ಟರೇ. ಇನ್ನು ನನ್ನ ಮಗಳು ಹೊಟ್ಟೆ ತುಂಬ ಉಣ್ಣಬಹುದು" ಅನ್ನುತ್ತಾರೆ. ಬಸುರಿಯಲ್ಲಿ ಶುಗರ್ ಬಂದು, ಮೂರು ತಿಂಗಳು ಸಿಹಿ ಮುಟ್ಟದೆ, ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡ ಹುಡುಗಿ ಅದು. ಆ ಸಂತೋಷಕ್ಕೆ ಅಡ್ಡ ಬರಲು ನನಗೂ ಮನಸ್ಸಾಗುವುದಿಲ್ಲ. ಆದರೂ ಹೇಳುತ್ತೇನೆ, "ಅಮ್ಮ, ಒಂದೂವರೆ ತಿಂಗಳಿಗೆ ಇನ್ನೊಂದು ಪರೀಕ್ಷೆ ಇದೆ, ಮರೀಬೇಡಿ." "ಆಯ್ತು, ಬರ್ತೀವಿ" ಅನ್ನುತ್ತಾರೆ. ಹೆಚ್ಚಿನವರು ಬರುವುದಿಲ್ಲ.

ಶುಗರ್ ಹೋಯಿತು ಅನ್ನುವುದು ಸುಳ್ಳೇನಲ್ಲ. ಬಸುರಿಯಲ್ಲಿ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಆಗ ಮೇದೋಜೀರಕ ಗ್ರಂಥಿ ಎರಡು ಮೂರು ಪಾಲು ಜಾಸ್ತಿ ಇನ್ಸುಲಿನ್ ತಯಾರಿಸಬೇಕು. ಬಹಳ ಹೆಂಗಸರಲ್ಲಿ ತಯಾರಿಸುತ್ತದೆ, ಶುಗರ್ ಏರುವುದಿಲ್ಲ. ಕೆಲವರಲ್ಲಿ ಆಗುವುದಿಲ್ಲ, ಏರುತ್ತದೆ. ಹೆರಿಗೆಯಲ್ಲಿ ಮಾಸು ಹೊರಬಿತ್ತು ಅಂದರೆ ಆ ಹೊರೆಯೂ ಇಳಿಯಿತು. ತುಂಬಿದ ಗಾಡಿ ಕಟ್ಟಿಕೊಂಡು ಏರು ಹತ್ತುವಾಗ ಏದುಸಿರು ಬಿಟ್ಟ ಎತ್ತು, ಬಯಲಿಗೆ ಬಂದ ಮೇಲೆ ಸರಾಗವಾಗಿ ನಡೆಯುತ್ತದೆ, ಅಲ್ವಾ? ಆದರೆ ಅದರ ಶಕ್ತಿ ಎಲ್ಲಿಯವರೆಗೆ ಅಂತ ಗಾಡಿಯವನಿಗೆ ಅವತ್ತೇ ಗೊತ್ತಾಗಿರುತ್ತದೆ. ವಯಸ್ಸು, ತೂಕ, ಇನ್ನೊಂದು ಬಸಿರು, ಇವೆಲ್ಲ ಮುಂದೆ ಬರುವ ಏರುಗಳು.

ಇದಕ್ಕೆ ನಮ್ಮ ಮೈಸೂರಿನದೇ ಲೆಕ್ಕ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನ ಮಿಷನ್ ಆಸ್ಪತ್ರೆ ಅನ್ನುವ ಕಡೆ, 1997–98ರಲ್ಲಿ ಬಸುರಿಯರ ಶುಗರ್ ಪರೀಕ್ಷೆ ಮಾಡಿದರು. ಐದು ವರ್ಷದ ನಂತರ ಅದೇ ತಾಯಂದಿರನ್ನು ಮತ್ತೆ ನೋಡಿದರು. ಬಸಿರಿನಲ್ಲಿ ಶುಗರ್ ಇಲ್ಲದವರಲ್ಲಿ 100ಕ್ಕೆ 2 ಮಂದಿಗೆ ಮಾತ್ರ ಸಕ್ಕರೆ ಕಾಯಿಲೆ ಬಂದಿತ್ತು. ಇದ್ದವರಲ್ಲಿ 100ಕ್ಕೆ 37! ಶುಗರ್ ಇದ್ದವರ ಗುಂಪು ದೊಡ್ಡದಲ್ಲ, ನಿಜ. ಆದರೆ ಬೇರೆ ದೇಶಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗಲೂ ಏಳು ಪಟ್ಟು, ಅದಕ್ಕಿಂತ ಹೆಚ್ಚು ಅಪಾಯ ಅಂತಲೇ ಬಂದಿದೆ.

ಹಾಗಾದರೆ ಒಂದೂವರೆ ತಿಂಗಳ ಪರೀಕ್ಷೆ ಯಾವುದು? ರಾತ್ರಿ ಊಟದ ನಂತರ ಎಂಟು ಗಂಟೆಯಾದರೂ ನೀರು ಬಿಟ್ಟು ಏನೂ ಸೇವಿಸದೆ ಬೆಳಿಗ್ಗೆ ಬರಬೇಕು. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆಯುತ್ತಾರೆ. ಆಮೇಲೆ 75 ಗ್ರಾಂ ಗ್ಲೂಕೋಸ್ ಪುಡಿ ಕಲಸಿದ ನೀರು ಕುಡಿಸುತ್ತಾರೆ. ಬಸುರಿಯಲ್ಲಿ ಕುಡಿದದ್ದೇ, ರುಚಿ ಮರೆತಿರಲಿಕ್ಕಿಲ್ಲ. ಎರಡು ಗಂಟೆ ಬಿಟ್ಟು ಮತ್ತೆ ರಕ್ತ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಎರಡು ಗಂಟೆಯದ್ದು 200 ಅಥವಾ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಎರಡು ಗಂಟೆಯದ್ದು 140ಕ್ಕಿಂತ ಕಡಿಮೆ ಇರಬೇಕು. 140ರಿಂದ 199ರ ನಡುವೆ ಬಂದರೆ ನೀವು ಹೊಸ್ತಿಲ ಮೇಲೆ ನಿಂತಿದ್ದೀರಿ.

"ಸುಮ್ನೆ ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿದರೆ ಸಾಲದಾ? ಉಪವಾಸ ಇರೋದು ತಪ್ಪುತ್ತೆ" ಅಂತ ಕೆಲವರು ಕೇಳುತ್ತಾರೆ. ಎಚ್‌ಬಿಎ1ಸಿ ಅನ್ನುವ ಆ ಸರಾಸರಿ ಪರೀಕ್ಷೆ ಬೇರೆ ಸಮಯದಲ್ಲಿ ಒಳ್ಳೆಯದೇ. ಆದರೆ ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಮೈಯಲ್ಲಿ ಹೊಸ ರಕ್ತ ಹುಟ್ಟುತ್ತಿರುತ್ತದೆ, ನಮ್ಮಲ್ಲಿ ರಕ್ತಹೀನತೆ ಬೇರೆ. ಆಗ ಆ ಸರಾಸರಿಯನ್ನು ನಂಬುವುದು ಕಷ್ಟ. ಖಾಲಿ ಹೊಟ್ಟೆಯದ್ದು ಒಂದನ್ನೇ ನೋಡಿದರೂ ಕೆಲವರದು ತಪ್ಪಿಹೋಗುತ್ತದೆ.

ಬರದವರ ಮೇಲೆ ನನಗೆ ಕೋಪವಿಲ್ಲ. ಹೆರಿಗೆ ಒಂದೂರಲ್ಲಿ, ಬಾಣಂತನ ತವರಲ್ಲಿ, ಗಂಡನ ಮನೆ ಇನ್ನೊಂದು ಕಡೆ. ಬಸುರಿಯಲ್ಲಿ ತಿಂಗಳು ತಿಂಗಳು ತಾಯಿಯನ್ನು ಕೇಳಿದ ನಾವೇ, ಹೆರಿಗೆಯಾದ ಮೇಲೆ ಮಗುವಿನ ತೂಕ ಎಷ್ಟಾಯಿತು ಅಂತ ಕೇಳುತ್ತೇವೆ. ಅವಳನ್ನು ಕೇಳುವವರಿಲ್ಲ. ಅದಕ್ಕೇ ನಾನೊಂದು ಉಪಾಯ ಹೇಳುವುದು. ಮಗುವಿಗೆ ಆರು ವಾರಕ್ಕೆ ಲಸಿಕೆ ಇದ್ದೇ ಇದೆ. ಅದನ್ನು ಯಾವ ಅಜ್ಜಿಯೂ ತಪ್ಪಿಸುವುದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಮನೆಗೆ ಬರುವ ಸರದಿಯಲ್ಲಿ ಕೊನೆಯದು 42ನೇ ದಿನ. ತಾಯಿಯ ಪರೀಕ್ಷೆಯೂ ಸರಿಯಾಗಿ ಆಗಲೇ! ತಾಯಿ ಕಾರ್ಡಿನಲ್ಲಿ ಮಗುವಿನ ಲಸಿಕೆಯ ತಾರೀಖಿನ ಪಕ್ಕ "ಅಮ್ಮನ ಶುಗರ್" ಅಂತ ಪೆನ್ನಿನಲ್ಲಿ ಬರೆದಿಡಿ. ಆಶಾಗೂ ಮೊದಲೇ ಹೇಳಿಡಿ.

ಬಾಣಂತನದ ಊಟದ ಮಾತು. ಇಲ್ಲಿ ನಾನು ಅಜ್ಜಿಯರ ಜೊತೆ ಜಗಳಕ್ಕೆ ಬರುವುದಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಕಾಳುಮೆಣಸಿನ ಸಾರು, ಇವೆಲ್ಲ ಇರಲಿ. ರಾಜಿ ಬೇಕಾಗಿರುವುದು ಅಂಟಿನುಂಡೆ, ಕೊಬ್ಬರಿ ಬೆಲ್ಲ ಮತ್ತು ತುಪ್ಪದ ಅನ್ನದಲ್ಲಿ. ಬೆಲ್ಲ ಕೂಡ ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ. ದಿನಕ್ಕೆ ನಾಲ್ಕು ಉಂಡೆ ತಿನ್ನಿಸುವ ಬದಲು ಚಿಕ್ಕದೊಂದು ಸಾಕು. ಅನ್ನ ಸ್ವಲ್ಪ ಇಳಿಸಿ, ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಏರಿಸಿ. ನೀರು ಕುಡಿಯಬೇಡ ಅನ್ನುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಎದೆಹಾಲು ಕುಡಿಸಿ, ಅದು ಮಗುವಿಗಷ್ಟೇ ಅಲ್ಲ. ಹೆಚ್ಚು ತಿಂಗಳು ಹಾಲೂಡಿದ ತಾಯಂದಿರಲ್ಲಿ ಮುಂದೆ ಸಕ್ಕರೆ ಕಾಯಿಲೆ ಕಡಿಮೆ ಕಂಡಿದೆ.

ಆರು ವಾರದ ಫಲಿತಾಂಶ ಚೆನ್ನಾಗಿ ಬಂತು ಅಂದುಕೊಳ್ಳಿ. ವರ್ಷಕ್ಕೊಮ್ಮೆ ನೋಡಿಸಿ. ಮಗುವಿನ ಹುಟ್ಟುಹಬ್ಬದ ತಿಂಗಳಲ್ಲಿ ಮಾಡಿಸಿಕೊಂಡರೆ ಮರೆಯುವುದಿಲ್ಲ. ಇಲ್ಲೊಂದು ಕಂದಕ ಇದೆ, ಅದನ್ನು ಹೇಳಲೇಬೇಕು. ಸರ್ಕಾರದವರು ಬಿಪಿ, ಶುಗರ್ ತಪಾಸಣೆಗೆ ಜನರನ್ನು ಹುಡುಕಿಕೊಂಡು ಬರುವುದು 30 ವರ್ಷ ತುಂಬಿದವರಿಗೆ. ನಮ್ಮ ಹುಡುಗಿಗೆ ಬಸಿರಿನಲ್ಲಿ ಶುಗರ್ ಬಂದದ್ದು 23ಕ್ಕೆ. ನಡುವಿನ ಏಳು ವರ್ಷ ಅವಳನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಅವಳೇ ಹೋಗಿ ಕೇಳಬೇಕು. ಮೊಣಕಾಲು ನೋವು ಅಂತ ಹೋದರೂ, ಕಣ್ಣು ತೋರಿಸಲು ಹೋದರೂ, "ನನಗೆ ಬಸುರಿಯಲ್ಲಿ ಶುಗರ್ ಇತ್ತು" ಅಂತ ಒಂದು ಮಾತು ಹೇಳಿ. ವೈದ್ಯರು ತಾವಾಗಿ ಕೇಳುವುದಿಲ್ಲ, ನಾವೂ ಮರೆಯುತ್ತೇವೆ.

ಹೊಸ್ತಿಲ ಮೇಲೆ ಇರುವವರಿಗೂ ದಾರಿ ಇದೆ. ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆ, ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಇಳಿಕೆ. 70 ಕೆಜಿ ಇದ್ದರೆ ನಾಲ್ಕೈದು ಕೆಜಿ ಅಷ್ಟೇ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಬಸುರಿಯಲ್ಲಿ ಶುಗರ್ ಇದ್ದ ಹೆಂಗಸರಿಗೆ ಹೀಗೆ ಮಾಡಿಸಿದಾಗ, ಕಾಯಿಲೆ ಬರುವ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಇಳಿಯಿತು. ಅದು ಯಾರಿಗೆ ಬೇಕು ಅಂತ ವೈದ್ಯರು ನೋಡಿ ಹೇಳುತ್ತಾರೆ.

ಇನ್ನೊಂದು ಮಗು ಬೇಕು ಅನ್ನಿಸಿದಾಗ, ಬಸಿರು ನಿಲ್ಲುವ ಮೊದಲೇ ಶುಗರ್ ನೋಡಿಸಿ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲಿ. ಮುಟ್ಟು ತಪ್ಪಿತು ಅಂತ ಗೊತ್ತಾಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಕಾಲ ಬಹುಪಾಲು ಕಳೆದಿರುತ್ತದೆ. ಅಲ್ಲಿಯವರೆಗೆ ಬಸಿರು ತಡೆಯಲು ಕಾಪರ್‌ಟಿಯೋ ಇನ್ನೊಂದೋ ಇರಲಿ.

ಕೊನೆಗೆ, ಪರೀಕ್ಷೆಯ ದಿನದ ಎರಡು ಮಾತು. ಖಾಲಿ ಹೊಟ್ಟೆ ಅಂತ ಮಗುವಿಗೆ ಹಾಲು ನಿಲ್ಲಿಸಬೇಡಿ, ನಡುವೆಯೂ ಕುಡಿಸಬಹುದು. ಗ್ಲೂಕೋಸ್ ನೀರು ಕುಡಿದ ಮೇಲೆ ಎರಡು ಗಂಟೆ ಬೆಂಚಿನ ಮೇಲೆ ಕೂತಿರಿ, ಪೇಟೆ ತಿರುಗಲು ಹೋಗಬೇಡಿ. ಅಷ್ಟರಲ್ಲಿ ಮಗುವಿನ ಲಸಿಕೆಯೂ ಮುಗಿದು, ಅದು ಅತ್ತು ಮಲಗಿರುತ್ತದೆ. ಮನೆಯಿಂದ ಡಬ್ಬಿಯಲ್ಲಿ ತಿಂಡಿ ತಂದಿರಿ. ಎರಡನೇ ಸಲ ರಕ್ತ ಕೊಟ್ಟ ತಕ್ಷಣ ಹಸಿವು ಜೋರಾಗಿರುತ್ತದೆ.

ನಮಸ್ಕಾರ.